ಬೆಂಚಿನಲ್ಲಿ ಎಷ್ಟು ಜನ ಎಂಬ ತಕರಾರಿನಲ್ಲಿ ಕತ್ತರಿಸಿದ ಬೀಗ

ಹೇಳಿಕೆ ಕೊಡುವವನ ಹೆಸರು ಮತ್ತು ತಂದೆಯ ಹೆಸರು ಮೇಲಿನ ಅಂಕಣದಲ್ಲಿ ಬರೆದಿರುವಂತೆ. ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುವುದು ‘ಗಡಿಯಾರ’ ಎಂದು. ವಯಸ್ಸು 46 ವರ್ಷ. ಉದ್ಯೋಗ ಲಿಫ್ಟ್ ಮೆಕ್ಯಾನಿಕ್, ಮೊದಲ ದರ್ಜೆಯ ಲೈಸೆನ್ಸ್, 21 ವರ್ಷದ ಸೇವೆ. ವಾಸ ಈ ಠಾಣೆಯಿಂದ ಒಂದೂಕಾಲು ಕಿಲೋಮೀಟರ್ ದೂರದಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿ.

ನಾನು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಭಾನುವಾರ ಮಧ್ಯಾಹ್ನ ನಾನು ಬೋಲ್ಟ್ ಕಟರ್‌ನಿಂದ ತಮ್ಮ ಬೀಗವನ್ನು ಕತ್ತರಿಸಿದ್ದೇನೆ ಎಂದು ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದಾರೆ. ಅವರೂ ಲಿಫ್ಟ್ ಮೆಕ್ಯಾನಿಕ್, ವಯಸ್ಸು 52, ನನ್ನ ಜೊತೆಯೇ ಕೆಲಸ. ಒಂದು ಬೀಗಕ್ಕೆ ಪೊಲೀಸರೇ ಎಂದು ತಾವು ನಕ್ಕಿದ್ದನ್ನು ನಾನು ನೋಡಿದ್ದೇನೆ. ನಮ್ಮ ಕಸುಬಿನಲ್ಲಿ ಅದು ನಗುವ ವಿಷಯವಲ್ಲ. ಲಿಫ್ಟ್ ಮೇಲೆ ಕೈಯಿಡುವ ಮುಂಚೆ ಪ್ರತಿಯೊಬ್ಬ ಮೆಕ್ಯಾನಿಕ್ಕೂ ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ತನ್ನ ಸ್ವಂತ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಒಬ್ಬನ ಬೀಗವನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಯಾರ ಪ್ರಾಣಕ್ಕೂ ಅಪಾಯವಿಲ್ಲದಿರುವಾಗ ಇನ್ನೊಬ್ಬನ ಬೀಗ ಕತ್ತರಿಸಿದವನ ಲೈಸೆನ್ಸ್ ರದ್ದಾಗುತ್ತದೆ. ಲೈಸೆನ್ಸ್ ಕೊಡುವ ಕಚೇರಿಯವರು ಠಾಣೆಯ ವರದಿಯನ್ನು ನೋಡಿಯೇ ತೀರ್ಮಾನ ಮಾಡುತ್ತಾರೆ. ಆದ್ದರಿಂದ ಈ ಕಾಗದದ ಮೇಲೆ ಏನು ಬರೆಯುತ್ತೀರೋ ಅದರ ಮೇಲೆ ನನ್ನ ಅನ್ನ ನಿಂತಿದೆ.

ಕಾರಣ ಫುಟ್‌ಬಾಲ್. ಹೇಳಲು ನನಗೇ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾವು ಎಂಟು ಜನ ಹನ್ನೊಂದು ವರ್ಷದಿಂದ ಒಂದು ಫ್ಯಾಂಟಸಿ ಲೀಗ್ ನಡೆಸುತ್ತಿದ್ದೇವೆ. ಸೀಸನ್ ಶುರುವಾಗುವ ಮುಂಚೆ ನಿಜವಾದ ಆಟಗಾರರಲ್ಲಿ ನಮಗೆ ಬೇಕಾದವರನ್ನು ಸರದಿಯ ಪ್ರಕಾರ ಆರಿಸಿಕೊಳ್ಳುತ್ತೇವೆ. ಒಬ್ಬರು ಆರಿಸಿದವನನ್ನು ಇನ್ನೊಬ್ಬರು ಆರಿಸುವಂತಿಲ್ಲ. ಅವರು ಮೈದಾನದಲ್ಲಿ ಆಡಿದಂತೆ ನಮಗೆ ಅಂಕ. ಹನ್ನೊಂದು ಜನರ ಅಂಕ ಲೆಕ್ಕಕ್ಕೆ, ಮಿಕ್ಕವರು ಬೆಂಚಿನಲ್ಲಿ. ಹನ್ನೊಂದರಲ್ಲಿ ಯಾರಾದರೂ ಗಾಯವಾಗಿ ಆಡದಿದ್ದರೆ ಬೆಂಚಿನಿಂದ ಒಬ್ಬನನ್ನು ಆ ಜಾಗಕ್ಕೆ ತರಬಹುದು. ಇದು ಜೂಜೇ ಎಂದು ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೇಬಲ್‌ರವರು ಕೇಳಿದರು. ಅಲ್ಲ. ಗೆದ್ದವರಿಗೆ ಮರದ ಹಲಗೆಗೆ ಮೊಳೆ ಹೊಡೆದ ಲಿಫ್ಟಿನಲ್ಲಿ ಮಹಡಿಗೆ ಒತ್ತುವ ಒಂದು ಸುಟ್ಟುಹೋದ ಗುಂಡಿ. ಕೊನೆಯ ಸ್ಥಾನದವರು ಮುಂದಿನ ಸೀಸನ್ ಮುಗಿಯುವವರೆಗೆ ಸರ್ವಿಸ್ ರೂಮಿನ ಟೀ ಲೋಟ ತೊಳೆಯಬೇಕು. ಕಳೆದ ವರ್ಷ ತೊಳೆದದ್ದು ನನ್ನ ಭಾವ.

ಕಳೆದ ವರ್ಷದವರೆಗೆ ಬೆಂಚಿನಲ್ಲಿ ನಾಲ್ಕು ಜನ. ಅದು ಯಾರಿಗೂ ಸಮಾಧಾನವಿರಲಿಲ್ಲ. ಈ ವರ್ಷ ಏಳು ಮಾಡಬೇಕು ಎಂದು ನನ್ನ ವಾದ. ನಮ್ಮದು ಹೊತ್ತುಗೊತ್ತಿಲ್ಲದ ಕೆಲಸ, ಎಲ್ಲೋ ನಿಂತ ಲಿಫ್ಟಿನ ಕೆಳಗೆ ಗುಂಡಿಯಲ್ಲಿ ಕೂತಿರುವಾಗ ಯಾರಿಗೆ ಗಾಯವಾಯಿತು ಎಂದು ನೋಡಲು ಆಗುವುದಿಲ್ಲ, ಬೆಂಚು ದೊಡ್ಡದಿದ್ದರೆ ಧೈರ್ಯ. ಭಾವನ ವಾದ ಮೂರು. ಏಳಾದರೆ ಎಂಟು ಜನರ ಜೇಬಿಗೆ 144 ಆಟಗಾರರು ಹೋಗುತ್ತಾರೆ, ಹೊರಗೆ ಉಳಿಯುವುದು ಕುಂಟರು, ಮೊದಲ ಎರಡು ವಾರ ಸೋತವನು ಆಮೇಲೆ ಯಾರನ್ನು ತಂದು ಮೇಲೇಳಬೇಕು ಎಂದು ಅವರು ಕೇಳುತ್ತಿದ್ದರು. ಮೂರಾದರೆ 112. ಲೆಕ್ಕ ಸರಿಯೇ ಇದೆ. ಲೋಟ ತೊಳೆದವರ ಕಷ್ಟ ಲೋಟ ತೊಳೆದವರಿಗೇ ಗೊತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಗಾದೆಯನ್ನು ನಾನು ಎರಡು ತಿಂಗಳಿಂದ ಅವರಿಗೆ ದಿನಕ್ಕೊಮ್ಮೆ ಹೇಳಿದ್ದೇನೆ. ನಿನ್ನ ಮೊಲಕ್ಕೆ ಏಳು ಕಾಲಲ್ಲವೇ ಎಂದು ಅವರು ದಿನಕ್ಕೊಮ್ಮೆ ತಿರುಗಿಸಿ ಹೇಳಿದ್ದಾರೆ. ಐದು ಇಟ್ಟುಕೊಳ್ಳಬಾರದಿತ್ತೇ ಎಂದು ಹೆಡ್ ಕಾನ್‌ಸ್ಟೇಬಲ್‌ರವರು ಕೇಳಿದರು. ಎಲ್ಲರೂ ಅದನ್ನೇ ಕೇಳುತ್ತಾರೆ.

ದಿನಾಂಕ 11, ಭಾನುವಾರ ಬೆಳಿಗ್ಗೆ 8-30ಕ್ಕೆ ನಾವು ಒಂಬತ್ತು ಅಂತಸ್ತಿನ ಆಫೀಸು ಕಟ್ಟಡವೊಂದಕ್ಕೆ ತಿಂಗಳ ಸರ್ವಿಸ್‌ಗಾಗಿ ಹೋದೆವು. ರಜಾ ದಿನವಾದ್ದರಿಂದ ಕಟ್ಟಡ ಖಾಲಿ. ಗೇಟಿನಲ್ಲಿ ಒಬ್ಬ ವಾಚ್‌ಮನ್ ಮಾತ್ರ. ಅಲ್ಲಿ ಇರುವುದು ಒಂದೇ ಲಿಫ್ಟ್. ಅದರ ಮೋಟರು ತಾರಸಿಯ ಮೇಲಿನ ಮಷೀನ್ ರೂಮಿನಲ್ಲಿದೆ. ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ನಾನೂ ಭಾವನೂ ಸೇರಿ ಆರು ಜನ ಮೆಕ್ಯಾನಿಕ್‌ಗಳು, ಜೊತೆಗೆ ಬಿಡಿಭಾಗದ ಉಗ್ರಾಣ ನೋಡಿಕೊಳ್ಳುವ ಸ್ಟೋರ್ ಅಕ್ಕ. ಸರ್ವಿಸ್ 10-20ಕ್ಕೆ ಮುಗಿಯಿತು. ಎಲ್ಲರೂ ಬೀಗ ತೆಗೆದೆವು, ಲಿಫ್ಟ್ ಓಡಿಸಿ ನೋಡಿದೆವು, ಸರಿಯಿತ್ತು. ಆಮೇಲೆ ಅಲ್ಲೇ ಗೋಡೆಗೆ ದೊಡ್ಡ ಹಾಳೆ ಅಂಟಿಸಿ ಲೀಗಿನ ಆಯ್ಕೆಗೆ ಕೂತೆವು. ಎಂಟನೆಯವರು ನನ್ನ ಮಾವ, ಭಾವನ ತಂದೆ, ವಯಸ್ಸು 74, ನಿವೃತ್ತ ಹೆಡ್ ಮೆಕ್ಯಾನಿಕ್. ನಮ್ಮೆಲ್ಲರಿಗೂ ಕೆಲಸ ಕಲಿಸಿದವರು ಅವರೇ. ಮಂಡಿ ನೋವು, ಮೆಟ್ಟಿಲು ಹತ್ತಲಾರರು. ಹನ್ನೊಂದು ಗಂಟೆಗೆ ಬರುತ್ತೇನೆ, ಬೆಂಚಿನ ವಿಷಯ ಬಂದು ಹೇಳುತ್ತೇನೆ ಎಂದಿದ್ದರು.

10-40ಕ್ಕೆ ಕೈ ಎತ್ತಿಸಿದೆವು. ಮೂರಕ್ಕೆ ಮೂರು ಜನ, ಏಳಕ್ಕೆ ಮೂರು ಜನ. ನಮ್ಮಲ್ಲಿ ‘ಸ್ಪ್ರಿಂಗ್’ ಎಂದು ಕರೆಯುವ ಮೆಕ್ಯಾನಿಕ್ ಒಬ್ಬ ಐದು ಎಂದ. ಎರಡೂ ಕಡೆಯಿಂದ ಬೈಗುಳ ತಿಂದ. ಸ್ಪೇರ್ ಇಲ್ಲದೆ ಯಾವ ಮಷೀನೂ ಓಡುವುದಿಲ್ಲ, ನನಗೆ ಏಳೂ ಸಾಲದು ಎಂದು ಸ್ಟೋರ್ ಅಕ್ಕ ಹೇಳಿದರು. ಕಳೆದ ವರ್ಷ ಅವರ ಬೆಂಚಿನ ನಾಲ್ಕು ಜನರಲ್ಲಿ ಮೂವರು ಗೋಲ್‌ಕೀಪರ್‌ಗಳು. ‘ಏಳು ಜನನ್ನ ಸುಮ್ನೆ ಕೂರಿಸ್ಕೊಂಡು ಏನ್ ಮಾಡ್ತೀಯೋ, ಅವರಿಗೆ ಟೀ ಕಾಸಿ ಕೊಡ್ತೀಯಾ?’ ಎಂದು ಭಾವ ನನ್ನನ್ನು ಕೇಳಿದರು. ಟೀ ಕಾಸುವುದು ಬೇಡ, ಲೋಟ ತೊಳೆಯಲು ನೀವಿದ್ದೀರಲ್ಲ ಎಂದು ನಾನು ಹೇಳಿದೆ. ಹಾಗೆ ಹೇಳಬಾರದಿತ್ತು.

10-57ಕ್ಕೆ ಭಾವ ಎದ್ದು ಮೇನ್ ಸ್ವಿಚ್ ಕೆಳಕ್ಕೆಳೆದರು. ಅದಕ್ಕೆ ಆರು ತೂತಿನ ಕೊಂಡಿ ಸಿಕ್ಕಿಸಿ ತಮ್ಮ ಬೀಗ ಹಾಕಿದರು. ಬೆಂಚು ಎಷ್ಟು ಎಂದು ಎಲ್ಲರೂ ಒಪ್ಪುವವರೆಗೆ ಈ ಲಿಫ್ಟ್ ಓಡುವುದಿಲ್ಲ, ಒಪ್ಪಿದವನು ಬೀಗ ತೆಗೆಯಲಿ ಎಂದರು. ಎರಡನೆಯ ಬೀಗ ಹಾಕಿದ್ದು ನಾನು. ಅವರು ಹಾಕಿದ ಮೇಲೆ ನಾನು ಹಾಕದಿದ್ದರೆ ನಾನು ಸೋತಂತೆ ಎಂದು ನನಗೆ ಅನ್ನಿಸಿತು. 10-59ಕ್ಕೆ ಉಳಿದ ನಾಲ್ವರ ಬೀಗವೂ ಬಿದ್ದು ಕೊಂಡಿಯ ಆರೂ ತೂತು ತುಂಬಿದ್ದವು, ಆರೂ ತೆಗೆಯದೆ ಸ್ವಿಚ್ ಮೇಲೇಳದು.

ಸ್ವಿಚ್ ಎಳೆಯುವ ಮುಂಚೆ ಲಿಫ್ಟ್ ಪೆಟ್ಟಿಗೆ ಖಾಲಿ ಇದೆಯೇ ಎಂದು ಕೂಗಿ ಕೇಳಬೇಕು. ಇದು ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ. ಯಾರೂ ಕೇಳಲಿಲ್ಲ. ಅದಕ್ಕಿಂತ ದೊಡ್ಡ ನಾಚಿಕೆಗೇಡು ಇನ್ನೊಂದಿದೆ. ಸ್ವಿಚ್ ಎಳೆದಾಗ ಮೋಟರು ತಿರುಗುತ್ತಿತ್ತು. ನಾವು ನಿಂತಿದ್ದು ಅದರಿಂದ ಮೂರು ಅಡಿ ದೂರದಲ್ಲಿ. ಎಲ್ಲ ಸೇರಿ ನೂರು ವರ್ಷದ ಅನುಭವವಿರುವ ಆರು ಮೆಕ್ಯಾನಿಕ್‌ಗಳಿಗೆ ತಿರುಗುತ್ತಿದ್ದ ಮೋಟರು ನಿಂತ ಸದ್ದು ಕೇಳಲಿಲ್ಲ, ಏಕೆಂದರೆ ನಾವು ಮೂರು, ಏಳು, ಮೂರು, ಏಳು ಎಂದು ಕೂಗಾಡುತ್ತಿದ್ದೆವು. ಮಾವ 10-56ಕ್ಕೆ ಕೆಳಗೆ ಲಿಫ್ಟ್ ಹತ್ತಿದ್ದರು. ಪೆಟ್ಟಿಗೆ ನಾಲ್ಕನೇ ಮತ್ತು ಐದನೇ ಮಹಡಿಯ ನಡುವೆ ನಿಂತಿತು. ಒಳಗೆ ಫೋನಿಗೆ ಸಿಗ್ನಲ್ ಇರುವುದಿಲ್ಲ. ಅಪಾಯದ ಗಂಟೆ ಒತ್ತಿದರೆ ಅದು ನೆಲಮಾಳಿಗೆಯ ಸರ್ವಿಸ್ ರೂಮಿನಲ್ಲಿ ಬಡಿದುಕೊಳ್ಳುತ್ತದೆ. ಅಲ್ಲಿ ಯಾರೂ ಇರಲಿಲ್ಲ, ಎಲ್ಲರೂ ಮೇಲೆ ಬೆಂಚಿನ ಜಗಳದಲ್ಲಿದ್ದೆವು.

11-10ಕ್ಕೆ ಹಿರಿಯರು ಇನ್ನೂ ಬಂದಿಲ್ಲವಲ್ಲ ಎಂದು ಸ್ಟೋರ್ ಅಕ್ಕ ಕೇಳಿದರು. ನಾನು ಮಾವನ ಫೋನಿಗೆ ಮೂರು ಸಲ ಕರೆ ಮಾಡಿದೆ, ಹೋಗಲಿಲ್ಲ. 11-25ಕ್ಕೆ ಭಾವನ ಮನೆಗೆ ಮಾಡಿದೆ. ಮಾವ 10-15ಕ್ಕೇ ಹೊರಟರು ಎಂದು ಅಲ್ಲಿಂದ ತಿಳಿಯಿತು. ಅಪ್ಪನಿಗೆ ಗೇಟಿನಲ್ಲಿ ವಾಚ್‌ಮನ್ ಸಿಕ್ಕಿರುತ್ತಾನೆ, ಇಬ್ಬರೂ ಮಾತಿಗೆ ಕೂತರೆ ಲೋಕವೇ ಮರೆಯುತ್ತಾರೆ ಎಂದು ಭಾವ ಹೇಳಿದರು. ಲಿಫ್ಟ್ ಓಡುತ್ತಿಲ್ಲವೆಂದು ಕೆಳಗೇ ಕೂತಿರಬಹುದು ಎಂದು ನಾನೂ ದನಿಗೂಡಿಸಿದೆ. ಒಬ್ಬರಾದರೂ ಇಳಿದು ನೋಡಲಿಲ್ಲ. ಅವರು ಬರುವುದರೊಳಗೆ ಇನ್ನೊಂದು ಮತ ನನ್ನ ಕಡೆ ಎಳೆದುಕೊಳ್ಳಬಹುದು ಎಂಬ ಆಸೆ ನನಗಿತ್ತು. ಭಾವನಿಗೂ ಇತ್ತೆಂದು ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

12-05ಕ್ಕೆ ಹಸಿವಾಗಿ ಇಬ್ಬರು ಐದಕ್ಕೆ ಒಪ್ಪಿ ಬೀಗ ತೆಗೆದರು. 12-30ರ ಹೊತ್ತಿಗೆ ಇನ್ನಿಬ್ಬರು ತೆಗೆದರು. ಉಳಿದದ್ದು ನನ್ನದು ಮತ್ತು ಭಾವನದು. ಐದು ಒಪ್ಪಿಕೊಳ್ಳಿ ಎಂದು ಎಲ್ಲರೂ ನಮ್ಮಿಬ್ಬರಿಗೂ ಕೈ ಮುಗಿದರು. ‘ಐದಂತೆ ಐದು! ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಮೂರು ಅಂದ್ರೆ ಮೂರು, ಇಲ್ಲಾಂದ್ರೆ ನನ್ನ ಬಿಟ್ಟು ಆಡ್ಕೊಳ್ಳಿ’ ಎಂದು ಹೇಳಿ ಭಾವ 12-34ಕ್ಕೆ ಹಿಂಬದಿಯ ಮೆಟ್ಟಿಲಿನಿಂದ ಇಳಿದು ಹೋದರು. ಕೀಲಿ ಅವರ ಜೇಬಿನಲ್ಲೇ ಹೋಯಿತು. ನಾನು 12-40ಕ್ಕೆ ನನ್ನ ಬೀಗ ತೆಗೆದೆ. ಐದಕ್ಕೆ ಒಪ್ಪಿ ಅಲ್ಲ, ತಲೆ ಚಿಟ್ಟು ಹಿಡಿದು.

12-48ಕ್ಕೆ ಸ್ಟೋರ್ ಅಕ್ಕ ನೀರು ತರಲು ಮುಂಬದಿಯ ಮೆಟ್ಟಿಲಿನಿಂದ ಇಳಿದರು. ಐದನೇ ಮಹಡಿಯಲ್ಲಿ ಲಿಫ್ಟ್ ಬಾಗಿಲನ್ನು ಒಳಗಿನಿಂದ ಯಾರೋ ನಾಣ್ಯದಿಂದ ಕುಟ್ಟುತ್ತಿರುವುದು ಕೇಳಿಸಿತಂತೆ. ಅವರು ಏದುಸಿರು ಬಿಡುತ್ತಾ ಮತ್ತೆ ಮೇಲೆ ಬಂದಾಗ 12-58. ‘ಯಜಮಾನ್ರು ಒಳಗಿದಾರೆ! ಬೆಳಿಗ್ಗೆಯಿಂದ ಒಳಗಿದಾರೆ!’ ಎಂದು ಕೂಗಿದರು. 

ನಾನು ಭಾವನಿಗೆ ಫೋನ್ ಮಾಡತೊಡಗಿದೆ. ಸ್ವಿಚ್ ಆಫ್. ಬೀಗ ಕತ್ತರಿಸಬೇಕೇ, ಯಾರು ಕತ್ತರಿಸಬೇಕು, ಆಫೀಸಿಗೆ ಹೇಳಿ ಕತ್ತರಿಸಬೇಕೇ, ಹೇಳದೆ ಕತ್ತರಿಸಬಹುದೇ ಎಂದು ಉಳಿದವರು ಹೊಸ ಜಗಳ ಶುರು ಮಾಡಿದರು. 1-03ಕ್ಕೆ ಹಗ್ಗಗಳು ಇಳಿಯುವ ಕಿಂಡಿಯಿಂದ ಮಾವನ ಧ್ವನಿ ಕೇಳಿತು. ‘ಕೈಚಕ್ರ ಮರೆತ್ರೇನ್ರೋ? ಬ್ರೇಕ್ ಬಿಡ್ಸಿ ತಿರುಗ್ಸಿ! ಇದಕ್ಕೇನಾ ನಿಮಗೆಲ್ಲ ಲೈಸೆನ್ಸ್ ಕೊಟ್ಟಿರೋದು?’ ಎಂದರು. ಕರೆಂಟ್ ಹೋದಾಗ ಮೋಟರಿನ ಚಕ್ರವನ್ನು ಕೈಯಿಂದ ತಿರುಗಿಸಿ ಪೆಟ್ಟಿಗೆಯನ್ನು ಪಕ್ಕದ ಮಹಡಿಗೆ ತರುವುದು ನಮ್ಮ ದಿನನಿತ್ಯದ ಕೆಲಸ. ಚಕ್ರ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಎದುರಿಗೇ ನೇತಾಡುತ್ತಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವಂತೆ ನಾನೂ ಸ್ಪ್ರಿಂಗೂ ಹೋಗಿ ಚಕ್ರ ಹಿಡಿದೆವು. ಉಳಿದವರು ಐದನೇ ಮಹಡಿಗೆ ಓಡಿದರು.

1-04ಕ್ಕೆ ತಿರುಗಿಸಲು ಶುರು ಮಾಡಿದೆವು. ಹಾಗೆ ತಿರುಗಿಸುವಾಗ ಮೇನ್ ಸ್ವಿಚ್ ಆಫ್ ಇರಲೇಬೇಕು. ನಡುವೆ ಕರೆಂಟ್ ಬಂದರೆ ಚಕ್ರ ಹಿಡಿದವನ ಕೈ ಮುರಿಯುತ್ತದೆ. ಆ ಏಳು ನಿಮಿಷ ನಮ್ಮಿಬ್ಬರ ಕೈಗಳನ್ನು ಕಾಯ್ದದ್ದು ಭಾವನ ಬೀಗವೇ ಎಂಬುದನ್ನು ಬರೆದುಕೊಳ್ಳಬೇಕಾಗಿ ಕೋರುತ್ತೇನೆ. 1-11ಕ್ಕೆ ಪೆಟ್ಟಿಗೆ ಐದನೇ ಮಹಡಿಗೆ ಸರಿಯಾಗಿ ಬಂತು. 1-12ಕ್ಕೆ ಬಾಗಿಲು ತೆಗೆದು ಮಾವನನ್ನು ಹೊರಗೆ ಕರೆತಂದರು ಎಂದು ಕೆಳಗಿನಿಂದ ಕೂಗಿ ಹೇಳಿದರು. ಒಟ್ಟು ಎರಡು ಗಂಟೆ ಹದಿನೈದು ನಿಮಿಷ ಒಳಗೆ ಸಿಕ್ಕಿಕೊಂಡಿದ್ದರು. ಹೊರಗೆ ಬಂದು ನೀರು ಕುಡಿದು ಮೊದಲು ಕೇಳಿದ ಪ್ರಶ್ನೆ ಬೆಂಚು ಎಷ್ಟಾಯಿತು ಎಂದು. ತಾವೇ ಹೇಳಬೇಕಿತ್ತಲ್ಲ ಎಂದು ಸ್ಟೋರ್ ಅಕ್ಕ ಹೇಳಿದಾಗ, ‘ನನಗೆ ಮೂರಾದ್ರೂ ಒಂದೇ, ಏಳಾದ್ರೂ ಒಂದೇ. ನೀವ್ ನೀವೇ ಮಾಡ್ಕೊಳ್ಳಿ ಅಂತ ಹೇಳೋಕೆ ಬರ್ತಿದ್ದೆ’ ಎಂದರಂತೆ. ಇದನ್ನು ಕೇಳಿದಾಗ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಇನ್ನು ದೂರಿನ ವಿಷಯ. 1-12ರಿಂದ 1-19ರವರೆಗೆ ನಾನು ಭಾವನಿಗೆ ಮತ್ತೆ ಆರು ಸಲ ಫೋನ್ ಮಾಡಿದೆ. ಬರುತ್ತಾರೆ ಬಿಡಿ, ಎಲ್ಲಿಗೆ ಹೋಗುತ್ತಾರೆ, ಸ್ವಲ್ಪ ಕಾಯೋಣ ಎಂದು ಸ್ಪ್ರಿಂಗ್ ಹೇಳಿದ. ‘ಅವರಾ? ಬರ್ತಾರಾ? ಅಪ್ಪ ಸತ್ರೂ ಹಟ ಬಿಡೋ ಪೈಕಿ ಅಲ್ಲ ಅವರು’ ಎಂದು ನಾನು ಹೇಳಿದೆ. ಈ ಮಾತು ನನ್ನ ಬಾಯಿಂದಲೇ ಬಂತು. 1-20ಕ್ಕೆ ಚೀಲದಿಂದ ಬೋಲ್ಟ್ ಕಟರ್ ತೆಗೆದು ಬೀಗವನ್ನು ಕತ್ತರಿಸಿದೆ. ಒಂದೇ ಏಟಿಗೆ ತುಂಡಾಯಿತು. ವೇಳೆಯನ್ನು ಮಷೀನ್ ರೂಮಿನ ಲಾಗ್ ಪುಸ್ತಕದಲ್ಲಿ ಅಲ್ಲೇ ಬರೆದೆ.

ಮಂಡಿ ನೋವಿನ ಮುದುಕರನ್ನು ಐದನೇ ಮಹಡಿಯಿಂದ ಕೆಳಗಿಳಿಸಲು ಲಿಫ್ಟ್ ಬೇಕಿತ್ತು, ಅದಕ್ಕೇ ಕತ್ತರಿಸಿದೆ ಎಂದು ನಾನು ಹೇಳಬಹುದು. ಹೆಡ್ ಕಾನ್‌ಸ್ಟೇಬಲ್‌ರವರೂ ಅದನ್ನೇ ಸೂಚಿಸಿದರು. ಆದರೆ ಆ ಕಾರಣ ನನಗೆ ಹೊಳೆದದ್ದು ಕತ್ತರಿಸಿದ ಮೇಲೆ. ಕತ್ತರಿಸುವಾಗ ನನ್ನ ತಲೆಯಲ್ಲಿ ಮಾವನೂ ಇರಲಿಲ್ಲ, ಅವರ ಮಂಡಿಯೂ ಇರಲಿಲ್ಲ. ಮೂರು ಅಂದ್ರೆ ಮೂರು ಎಂದು ಹೇಳಿ ಹೋದ ಆ ಮುಖವೊಂದೇ ಇತ್ತು. ಸಿಟ್ಟಿನಲ್ಲಿ ಕತ್ತರಿಸಿದೆ.

1-22ಕ್ಕೆ ಭಾವ ಬಾಗಿಲಲ್ಲಿ ಬಂದು ನಿಂತರು. ಅಂಗಿ ಪೂರ್ತಿ ಬೆವರಿನಲ್ಲಿ ತೊಯ್ದಿತ್ತು, ಮಾತಾಡಲು ಉಸಿರಿರಲಿಲ್ಲ. ಕೀಲಿ ಬೆರಳ ನಡುವೆ ಮುಂದಕ್ಕೆ ಚಾಚಿಕೊಂಡೇ ಇತ್ತು. ಅವರು ಇಳಿದು ಹೋಗಿ ಹೊರಗೆ ಸ್ಕೂಟರ್ ಮೇಲೆ ಅರ್ಧ ಗಂಟೆ ಮುನಿಸಿಕೊಂಡು ಕೂತಿದ್ದರಂತೆ. ನಿಮ್ಮ ತಂದೆ 10-50ಕ್ಕೇ ಒಳಗೆ ಹೋದರಲ್ಲ ಎಂದು ವಾಚ್‌ಮನ್ 1-14ಕ್ಕೆ ಹೇಳಿದ ತಕ್ಷಣ ಹಿಂಬದಿಯ ಮೆಟ್ಟಿಲು ಹಿಡಿದರಂತೆ. ಒಂಬತ್ತು ಅಂತಸ್ತು, ಅದರ ಮೇಲೆ ತಾರಸಿ, ಎಂಟು ನಿಮಿಷ, 52 ವರ್ಷ. ಅವರು ನೆಲದ ಮೇಲೆ ಬಿದ್ದಿದ್ದ ಬೀಗವನ್ನು ನೋಡಿದರು. ‘ಅಪ್ಪ?’ ಎಂದು ಮಾತ್ರ ಕೇಳಿದರು. ಕೆಳಗಿದ್ದಾರೆ, ಚೆನ್ನಾಗಿದ್ದಾರೆ, ಕೈಚಕ್ರದಿಂದ ತಂದೆವು ಎಂದು ಹೇಳಿದೆ. ಹಾಗಾದರೆ ಇದನ್ನು ಯಾಕೆ ಕತ್ತರಿಸಿದೆ ಎಂದು ಅವರು ಕೇಳಲಿಲ್ಲ. ಕೀಲಿಯನ್ನು ಮೋಟರಿನ ಮುಚ್ಚಳದ ಮೇಲಿಟ್ಟು, ಬೀಗದ ಎರಡು ತುಂಡನ್ನೂ ಎತ್ತಿಕೊಂಡು ಇಳಿದು ಹೋದರು. ಮಧ್ಯಾಹ್ನ 3-40ಕ್ಕೆ ಇಲ್ಲಿ ದೂರು ಕೊಟ್ಟರು.

ನಿನ್ನೆ ಸಂಜೆ 7-15ಕ್ಕೆ ನನ್ನ ಹೆಂಡತಿ ತನ್ನ ಅಣ್ಣನ ಮನೆಗೆ ಹೋಗಿ ಬಂದಳು. ಬೀಗ ಹೋದರೆ ಇನ್ನೊಂದು ಬರುತ್ತದೆ, ಅಪ್ಪ ಒಳಗಿದ್ದಾರೆ ಎಂದು ಗೊತ್ತಾದ ಮೇಲೂ ನಾನು ಬರುವುದಿಲ್ಲ ಎಂದುಕೊಂಡನಲ್ಲ ನಿನ್ನ ಗಂಡ, ಅದಕ್ಕೇ ದೂರು ಎಂದು ಅಣ್ಣ ಹೇಳಿದನೆಂದಳು. ಬೆಂಚಿಗೆ ಮೂರು ಎಂದು ಒಪ್ಪಿದರೆ ವಾಪಸು ತೆಗೆದುಕೊಳ್ಳುತ್ತಾನಂತೆ ಎಂದೂ ಹೇಳಿದಳು. ‘ನೀವಿಬ್ರೂ ಒಂದೇ ತಕ್ಕಡೀಲಿ ತೂಗೋರು, ನಿಮ್ಮ ಮಧ್ಯೆ ನನ್ನ ಜೀವ ಹೋಗ್ತಿದೆ’ ಎಂದು ಬೈದಳು. ಅನ್ನ ಬಡಿಸಿ ಒಳಗೆ ಹೋದಳು.

ಇಂದು ಬೆಳಿಗ್ಗೆ 8-05ಕ್ಕೆ ಮಾವ ನನ್ನ ಮನೆಗೆ ಬಂದರು. ಮಂಡಿ ಹಿಡಿದುಕೊಂಡು ಹದಿನೆಂಟು ಮೆಟ್ಟಿಲು ಹತ್ತಿ ಬಂದರು. 1-12ಕ್ಕೆ ಹೊರಗೆ ಬಂದೆ ಎಂದು ನಾನು ಹೇಳುವುದಿಲ್ಲ, 1-25 ಎನ್ನುತ್ತೇನೆ, ನೀನೂ ಹಾಗೇ ಬರೆಸು, ಲೈಸೆನ್ಸ್ ಉಳಿಯುತ್ತದೆ ಎಂದರು. ಲಾಗ್ ಪುಸ್ತಕದಲ್ಲಿ ನನಗೆ ಮೊದಲ ಅಕ್ಷರ ಬರೆಸಿದವರು ಅವರು. ಒಮ್ಮೆ ನಾನು 2-10ರ ಬದಲು 2-00 ಎಂದು ಬರೆದಿದ್ದಕ್ಕೆ ಇಡೀ ದಿನ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ನೀರು ಬಳಿಸಿದ್ದರು. ಈಗ ಅಳಿಯನಿಗಾಗಿ ಹದಿಮೂರು ನಿಮಿಷದ ಸುಳ್ಳು ಹೇಳಲು ಬಂದಿದ್ದರು. ಹೇಳುವಾಗ ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡುತ್ತಿದ್ದರು. ನನಗೆ ಅದನ್ನು ಸಹಿಸಲಾಗಲಿಲ್ಲ. ಬೇಡ ಎಂದು ಹೇಳಿ, ಅವರನ್ನು ಕೈ ಹಿಡಿದು ಇಳಿಸಿ, ನೇರವಾಗಿ ಠಾಣೆಗೆ ಬಂದಿದ್ದೇನೆ.

ಆದ್ದರಿಂದ ಬರೆದುಕೊಳ್ಳಿ. ಮಾವ ಹೊರಗೆ ಬಂದದ್ದು 1-12ಕ್ಕೆ. ನಾನು ಬೀಗ ಕತ್ತರಿಸಿದ್ದು 1-20ಕ್ಕೆ. ಆಗ ಯಾರ ಪ್ರಾಣಕ್ಕೂ ಅಪಾಯವಿರಲಿಲ್ಲ. ಕೀಲಿ ಬಂದದ್ದು 1-22ಕ್ಕೆ. ಲೈಸೆನ್ಸ್ ಕಚೇರಿಯವರು ಏನು ಮಾಡುತ್ತಾರೋ ಮಾಡಲಿ. ಬೆಂಚಿಗೆ ಮೂರು ಎಂದು ನಾನು ಇಂದು ಬೆಳಿಗ್ಗೆ 9-10ಕ್ಕೆ ಎಲ್ಲರಿಗೂ ಸಂದೇಶ ಕಳಿಸಿದ್ದೇನೆ. ದೂರನ್ನು ವಾಪಸು ತೆಗೆದುಕೊಳ್ಳಲಿ ಎಂದು ಕಳಿಸಿದ್ದಲ್ಲ. ದೂರು ಹಾಗೇ ಇರಲಿ, ಅದು ಸರಿಯಾಗಿಯೇ ಇದೆ ಎಂದು ಭಾವನಿಗೆ ಬೇರೆಯಾಗಿ ಬರೆದಿದ್ದೇನೆ. ಓದಿದ್ದಾರೆ. ಉತ್ತರ ಬಂದಿಲ್ಲ. ಕಾಯುತ್ತೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಮಾತುಗಳು ನನ್ನವೇ, ವೇಳೆಗಳನ್ನು ಠಾಣೆಗೆ ತರಿಸಿದ ಲಾಗ್ ಪುಸ್ತಕದೊಂದಿಗೆ ತಾಳೆ ನೋಡಿದ್ದೇನೆ, ಒಂದು ನಿಮಿಷವನ್ನೂ ತಿದ್ದುವ ಅಗತ್ಯವಿಲ್ಲ. ಯಾರ ಒತ್ತಾಯವೂ ಇಲ್ಲದೆ ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ, ಬರಹಗಾರರ ಕೊಠಡಿ
ದಿನಾಂಕ: 12, ಸೋಮವಾರ, ಬೆಳಿಗ್ಗೆ 11-36
ಸಹಿ: (ಹೇಳಿಕೆ ಕೊಟ್ಟವನದು)